ತೀರ್ಮಾನ ಆಮೇಲೆ ಆಗಲಿ, ಮೊದಲು ಸೂರು ಮುಚ್ಚಿ

ಪ್ರಶ್ನೆ: ನಾನು ಮೈಸೂರಿನಲ್ಲಿ ಓದಿದವಳು. ಲ್ಯಾನ್ಸ್‌ಡೌನ್ ಕಟ್ಟಡದ ಹಳೆ ಪುಸ್ತಕದ ಅಂಗಡಿಗಳು ಇಲ್ಲದಿದ್ದರೆ ನನ್ನ ಪದವಿ ಮುಗಿಯುತ್ತಿರಲಿಲ್ಲ. 2012ರಲ್ಲಿ ಅದರ ಒಂದು ಭಾಗ ಕುಸಿಯಿತು. ದುರಸ್ತಿ ಶುರುವಾಗಿ ಅರ್ಧಕ್ಕೆ ನಿಂತಿತು. ಊರಿಗೆ ಬಂದಾಗಲೆಲ್ಲ ಅದೇ ಖಾಲಿ ಕಮಾನುಗಳು ಕಾಣುತ್ತವೆ. ಇಂಥ ಕೆಲಸ ಯಾಕೆ ನಿಲ್ಲುತ್ತದೆ? ಆ ಕಟ್ಟಡವನ್ನು ಈಗಲೂ ಉಳಿಸಬಹುದಾ? ಅಥವಾ ಕೆಡವಿ, ಮೊದಲಿದ್ದ ಹಾಗೆಯೇ ಕಟ್ಟುವುದು ವಾಸಿಯಾ?

ಉತ್ತರ: ಉಳಿಸಬಹುದು ಎಂದೇ ನನ್ನ ಅಭಿಪ್ರಾಯ. ಆದರೆ ಒಂದೊಂದು ಮಳೆಗಾಲ ಕಳೆದಾಗಲೂ ಆ ಮಾತಿನ ಬಲ ಸ್ವಲ್ಪ ಕುಗ್ಗುತ್ತದೆ. ನನ್ನ ಕೆಲಸದ ಬಹುಪಾಲು ವರ್ಷಗಳು ಹಳೆ ಕಟ್ಟಡಗಳ ದುರಸ್ತಿಯಲ್ಲೇ ಕಳೆದಿವೆ. ಯಾರೂ ಮುಟ್ಟದೆ ಬಿಟ್ಟ ಕಟ್ಟಡ ಎಷ್ಟೋ ವರ್ಷ ನಿಂತಿರುತ್ತದೆ. ಕೈ ಹಾಕಿ ಅರ್ಧಕ್ಕೆ ಬಿಟ್ಟ ಕಟ್ಟಡ ಅದಕ್ಕಿಂತ ಬೇಗ ಬೀಳುತ್ತದೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಿಮ್ಮ ಪ್ರಶ್ನೆಗೆ ಉತ್ತರವೂ ಇಲ್ಲಿಂದಲೇ ಶುರುವಾಗಬೇಕು.

ಅದಕ್ಕೂ ಮೊದಲು ಆ ದಿನದ ಮಾತು. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದಾಗ ನಾಲ್ಕು ಜನ ತೀರಿಕೊಂಡರು. ಕಟ್ಟಡ ಉಳಿಸಬೇಕು ಅನ್ನುವ ನಮ್ಮಂಥವರು ಇದನ್ನು ಮೊದಲೇ ಹೇಳಬೇಕು. ಅಪಾಯ ಕಂಡ ಕಟ್ಟಡದಿಂದ ಜನರನ್ನು ಹೊರಗೆ ಕಳಿಸಲೇಬೇಕು. ಅದರಲ್ಲಿ ರಾಜಿ ಇಲ್ಲ. ಅಂಗಡಿಗಳನ್ನು ತೆರವು ಮಾಡಿದ್ದು ಸರಿಯೇ. ಆದರೆ ಜನ ಹೊರಗೆ ಹೋದ ಮೇಲೆ ಕಟ್ಟಡಕ್ಕೂ ಯಾರೂ ದಿಕ್ಕಿಲ್ಲದ ಹಾಗಾಯಿತು. ದಿನವೂ ಬಾಗಿಲು ತೆಗೆಯುವ ಅಂಗಡಿಯವರಿದ್ದರೆ ಸೋರುವ ಜಾಗ ಯಾರಿಗಾದರೂ ಕಾಣುತ್ತದೆ. ಖಾಲಿ ಕಟ್ಟಡ ಎಲ್ಲಿ ಸೋರುತ್ತಿದೆ ಅಂತ ನೋಡುವವರೇ ಇರುವುದಿಲ್ಲ.

ಈ ಕಟ್ಟಡ ಕಟ್ಟಿದ್ದು 1892ರಲ್ಲಿ, ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದ ನೆನಪಿಗೆ. ಆಗ ಹತ್ತನೇ ಚಾಮರಾಜೇಂದ್ರ ಒಡೆಯರ್ ಅವರ ಆಳ್ವಿಕೆ. ಹತ್ತಿರದ ಚಿಕ್ಕ ಗಡಿಯಾರವೂ ಹೀಗೇ ಇನ್ನೊಬ್ಬ ವೈಸ್‌ರಾಯ್ ಡಫರಿನ್ ಹೆಸರಲ್ಲಿ ಬಂದದ್ದು. ಹೆಸರು ಬ್ರಿಟಿಷರದ್ದು, ನಿಜ. ಆದರೆ ಅಲ್ಲಿ ಬದುಕಿದ್ದು ಊರಿನ ವ್ಯಾಪಾರಿಗಳು, ಪುಸ್ತಕ ಹುಡುಕಿಕೊಂಡು ಬಂದ ವಿದ್ಯಾರ್ಥಿಗಳು. ನಿಮ್ಮ ಪ್ರಶ್ನೆ ಓದಿದಾಗ ನನಗೆ ಕಾಣಿಸಿದ್ದು ವೈಸ್‌ರಾಯ್ ಅಲ್ಲ. ರಟ್ಟು ಹರಿದ ಪಠ್ಯಪುಸ್ತಕವನ್ನು ಅರ್ಧ ಬೆಲೆಗೆ ಚೌಕಾಸಿ ಮಾಡುತ್ತಿರುವ ಒಬ್ಬ ಹುಡುಗಿ.

ಈಗ ಗೋಡೆಯ ವಿಷಯಕ್ಕೆ ಬರೋಣ. "ನೂರು ವರ್ಷ ದಾಟಿದ ಇಟ್ಟಿಗೆ, ಸುಣ್ಣ. ಇನ್ನೆಷ್ಟು ದಿನ ತಡೆದೀತು?" ಅಂತ ಎಲ್ಲರೂ ಕೇಳುತ್ತಾರೆ. ಕೇಳುವುದು ಸಹಜ. ಒಂದು ಸಣ್ಣ ಲೆಕ್ಕ ಮಾಡೋಣ. ಇಟ್ಟಿಗೆ ಗೋಡೆ ಒಂದು ಘನ ಮೀಟರಿಗೆ ಸುಮಾರು 2 ಟನ್ ತೂಗುತ್ತದೆ. ಗೋಡೆ 10 ಮೀಟರ್ ಎತ್ತರ ಇದ್ದರೆ, ಅದರ ಸ್ವಂತ ತೂಕದಿಂದ ಬುಡದಲ್ಲಿ ಬೀಳುವ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ. ಅಷ್ಟೇ! ಚೆನ್ನಾಗಿರುವ, ಒಣಗಿರುವ ಸುಣ್ಣದ ಗಾರೆಯ ಗೋಡೆ ಇದರ ಕೆಲವು ಪಟ್ಟು ತಡೆಯುತ್ತದೆ. ಹಿಂದಿನವರು ಗೋಡೆಯನ್ನು ಅಷ್ಟು ದಪ್ಪ ಕಟ್ಟಿದ್ದು ಇದಕ್ಕೇ. ಗಾರೆ ಮೆತ್ತಗಿದ್ದರೂ ಭಾರ ಅಗಲವಾಗಿ ಹಂಚಿಹೋಗುತ್ತದೆ.

ಸುಣ್ಣದ ಗಾರೆ ಅಂದರೆ ದುರ್ಬಲ ಅನ್ನುವವರಿಗೆ ನಾನು ಕನ್ನಂಬಾಡಿ ಕಟ್ಟೆ ತೋರಿಸುತ್ತೇನೆ. ಮೈಸೂರಿನಿಂದ ಅರ್ಧ ಗಂಟೆ ದೂರ. ಆ ಕಲ್ಲುಗಳನ್ನು ಹಿಡಿದಿರುವುದು ಸಿಮೆಂಟ್ ಅಲ್ಲ, ಸುರ್ಕಿ. ಅಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದ ಜೊತೆ ಅರೆದ ಗಾರೆ. ಕಾವೇರಿಯನ್ನೇ ತಡೆದು ನಿಲ್ಲಿಸಿದ ಗಾರೆ ಅದು.

ಹಾಗಾದರೆ ಇಂಥ ಕಟ್ಟಡ ಯಾಕೆ ಬೀಳುತ್ತದೆ? ನೀರಿನಿಂದ. ನಾನು ನೋಡಿದ ಹತ್ತರಲ್ಲಿ ಎಂಟು ಕಡೆ ಅದೇ ಕಾರಣ.

ಆ ಕಾಲದ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಮದ್ರಾಸ್ ತಾರಸಿ ಇರುತ್ತದೆ. ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ಜಂತೆ, ಅಂದರೆ ಸಣ್ಣ ಅಡ್ಡಮರಗಳು. ಜಂತೆಯ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿ ಸುಣ್ಣದಲ್ಲಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಹಾಕಿ ದಿನಗಟ್ಟಲೆ ಬಡಿಯುತ್ತಾರೆ. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಿ ಬಡಿಯುವುದೂ ಉಂಟು. ಎಲ್ಲಕ್ಕಿಂತ ಮೇಲೆ ಚಪ್ಪಟೆ ಹೆಂಚಿನ ಬಿಲ್ಲೆ. ಬೇಸಿಗೆಯಲ್ಲಿ ಕೆಳಗೆ ಕೂತವರಿಗೆ ತಂಪು. ನೋಡಿಕೊಂಡರೆ ನೂರು ವರ್ಷ ದಾಟುತ್ತದೆ.

ಇದರ ಜೀವ ಇರುವುದು ತೊಲೆಯ ತುದಿಯಲ್ಲಿ, ಗೋಡೆಯೊಳಗೆ ಹೂತಿರುವ ಒಂದು ಗೇಣಿನಷ್ಟು ಮರದಲ್ಲಿ. ತಾರಸಿಯ ಮೂಲೆಯಲ್ಲಿ ಎಲೆ ಕಸ ತುಂಬಿ ಮೋರಿ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ನಿಂತ ನೀರು ಗೋಡೆಗೆ ಇಳಿಯುತ್ತದೆ. ತೊಲೆಯ ತುದಿ ಒಳಗೊಳಗೇ ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ, ಬಣ್ಣ ಕೂಡ ಹೋಗಿರುವುದಿಲ್ಲ. ಒಂದು ದಿನ ತುದಿ ಜಾರುತ್ತದೆ, ಇಡೀ ಅಂಕಣ, ಅಂದರೆ ಎರಡು ಗೋಡೆಗಳ ನಡುವಿನ ಆ ಭಾಗ, ಕೆಳಗೆ ಬರುತ್ತದೆ. ಇಂಥ ಕುಸಿತ ಮುನ್ಸೂಚನೆ ಕೊಡದೆ ಆಗುವುದು ಇದಕ್ಕೇ. ತೊಲೆಯ ತುದಿಗೆ ಒಂದು ಸಣ್ಣ ಬೈರಿಗೆ ಹಾಕಿ ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಆ ಐದು ನಿಮಿಷದ ಕೆಲಸವನ್ನು ವರ್ಷಕ್ಕೊಮ್ಮೆ ಮಾಡಿಸುವ ಪದ್ಧತಿ ನಮ್ಮಲ್ಲಿ ಇಲ್ಲ.

ಇನ್ನೊಂದು ಅಭ್ಯಾಸ ಇದೆ. ಸೋರಿತು ಅಂದರೆ ತಾರಸಿ ಮೇಲೆ ಒಂದು ಪದರ ಸಿಮೆಂಟ್. ಮತ್ತೆ ಸೋರಿತು, ಮತ್ತೊಂದು ಪದರ. ಒಂದು ಕಡೆ ನಾನು ತಾರಸಿ ಕೊರೆದಾಗ ಇಂಥ ನಾಲ್ಕು ಪದರ ಸಿಕ್ಕಿತು. ಮೂಲ ತಾರಸಿಗಿಂತ ರಿಪೇರಿಯೇ ಭಾರ! ಗೋಡೆಗೆ ಸಿಮೆಂಟ್ ಗಿಲಾವು ಮಾಡುವುದೂ ಇದೇ ಥರದ ತಪ್ಪು. ಸುಣ್ಣದ ಗೋಡೆ ಉಸಿರಾಡುತ್ತದೆ. ಒಳಗಿನ ತೇವ ಹೊರಗೆ ಬಂದು ಆರಿಹೋಗುತ್ತದೆ. ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹೊರಗೆ ನುಣುಪು, ಒಳಗೆ ಮಣ್ಣು.

ಅರಳಿ ಗಿಡದ ಬಗ್ಗೆಯೂ ಹೇಳಿಬಿಡುತ್ತೇನೆ. ಗೋಡೆಯಲ್ಲಿ ಹುಟ್ಟಿದ ಅರಳಿಯನ್ನು ಮೇಲಿಂದ ಕತ್ತರಿಸಿದರೆ ಪ್ರಯೋಜನ ಇಲ್ಲ, ಅದು ಇನ್ನಷ್ಟು ಬೇರು ಬಿಡುತ್ತದೆ. ಎಳೆಯದಾಗಿದ್ದಾಗ ಬೇರು ಸಮೇತ ತೆಗೆಯಬೇಕು. ಬಲಿತಿದ್ದರೆ ಬುಡಕ್ಕೆ ಔಷಧಿ ಹಾಕಿ ಕೊಂದು, ಆಮೇಲೆ ಬೇರು ಬಿಡಿಸಿ, ಬಿರುಕಿಗೆ ಸುಣ್ಣದ ಗಾರೆ ತುಂಬಬೇಕು. ಎಳೆದು ಕಿತ್ತರೆ ಗೋಡೆಯೂ ಜೊತೆಗೆ ಬರುತ್ತದೆ.

ಇಷ್ಟು ತಿಳಿದ ಮೇಲೆ, ಅರ್ಧಕ್ಕೆ ನಿಂತ ಕೆಲಸ ಯಾಕೆ ಅಷ್ಟು ಕೆಟ್ಟದ್ದು ಅನ್ನುವುದು ತಿಳಿಯುತ್ತದೆ. ದುರಸ್ತಿಯ ಮೊದಲ ಹಂತವೇ ಬಿಚ್ಚುವುದು. ಕೆಟ್ಟ ತಾರಸಿ ತೆಗೆಯುತ್ತೇವೆ. ಸಿಮೆಂಟ್ ಗಿಲಾವು ಕೆತ್ತುತ್ತೇವೆ. ಗೋಡೆಯ ನೆತ್ತಿ ಬಯಲಾಗುತ್ತದೆ. ಗಾಯ ತೊಳೆಯಲು ಕಟ್ಟು ಬಿಚ್ಚಿದ ಹಾಗೆ. ಆಗಲೇ ಕೆಲಸ ನಿಂತರೆ?

ನನ್ನದೇ ಒಂದು ಅನುಭವ. ಒಂದು ಸಣ್ಣ ಊರಿನ ಹಳೆ ಕಚೇರಿ ಕಟ್ಟಡ. ಊರಿನ ಹೆಸರು ಬೇಡ. ಮಾರ್ಚ್ ತಿಂಗಳಲ್ಲಿ ತಾರಸಿ ಬಿಚ್ಚಿದೆವು. ತೊಲೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದವು. ಅಂದಾಜು ಪಟ್ಟಿಯಲ್ಲಿ ಅಷ್ಟು ತೊಲೆ ಇರಲಿಲ್ಲ. ಹೆಚ್ಚಿನ ದುಡ್ಡಿಗೆ ಕಡತ ಮೇಲಕ್ಕೆ ಹೋಯಿತು. ಹೋದದ್ದು ಬರಲಿಲ್ಲ. ಗುತ್ತಿಗೆದಾರ ಆಳುಗಳನ್ನು ಬೇರೆ ಕೆಲಸಕ್ಕೆ ಕರೆದುಕೊಂಡು ಹೋದ. ಮೇ ತಿಂಗಳಲ್ಲಿ ಮಳೆ ಬಂತು. ತಾತ್ಕಾಲಿಕ ತಗಡು ಹೊದಿಸೋಣ ಅಂತ ನಾನು ಮೂರು ಸಲ ಬರೆದೆ. ಅದಕ್ಕೂ ಅಂದಾಜು ಪಟ್ಟಿಯಲ್ಲಿ ಬಾಬ್ತು ಇರಲಿಲ್ಲ. ಮುಂದಿನ ವರ್ಷ ಹೋದಾಗ ಉದ್ದನೆಯ ಗೋಡೆ ಹೊಟ್ಟೆ ಬಂದ ಹಾಗೆ ಹೊರಕ್ಕೆ ಉಬ್ಬಿತ್ತು. ಕೈಯಿಟ್ಟರೆ ಗಾರೆ ಒದ್ದೆ ಮರಳಿನಂತೆ ಉದುರುತ್ತಿತ್ತು. ಆ ಕಟ್ಟಡ ಈಗ ಇಲ್ಲ. ಕೆಡವುವಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ತುಂಬ ಹಳೇದಾಗಿತ್ತು." ಅದು ಹಳೆಯದಾಗಿ ಹೋದದ್ದಲ್ಲ. ನಾವು ಬಿಚ್ಚಿ ಬಿಟ್ಟು ಹೋದದ್ದಕ್ಕೆ ಹೋದದ್ದು. ಮಳೆಗಾಲದ ಹೊದಿಕೆ ಸಿದ್ಧವಾಗುವ ಮೊದಲೇ ಬಿಚ್ಚಲು ಒಪ್ಪಿದ್ದು ನನ್ನ ತಪ್ಪು. ಆಮೇಲೆ ಯಾವ ಕೆಲಸದಲ್ಲೂ ಹಾಗೆ ಒಪ್ಪಿಲ್ಲ.

ಕೆಲಸ ಯಾಕೆ ನಿಲ್ಲುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಇದರಲ್ಲೇ ಇದೆ. ಹಳೆ ಕಟ್ಟಡದ ನಿಜವಾದ ಸ್ಥಿತಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು. ಆದರೆ ಟೆಂಡರ್ ಕರೆಯುವುದು ಬಿಚ್ಚುವ ಮೊದಲು. ದರಪಟ್ಟಿ ಇರುವುದು ಹೊಸ ಕಟ್ಟಡದ ಕೆಲಸಕ್ಕೆ ಹೊಂದುವ ಹಾಗೆ. ಗಾರೆ ಅರೆಯುವುದಕ್ಕೆ, ಸುಣ್ಣ ವಾರಗಟ್ಟಲೆ ನೆನೆಸಿಡುವುದಕ್ಕೆ ಅದರಲ್ಲಿ ಸರಿಯಾದ ರೇಟು ಸಿಗುವುದು ಕಷ್ಟ. ಎಲ್ಲರಿಗಿಂತ ಕಡಿಮೆ ಹೇಳಿದವರಿಗೆ ಕೆಲಸ. ರಸ್ತೆ, ಚರಂಡಿ ಮಾಡಿ ಅಭ್ಯಾಸ ಇರುವವರು ಕಮಾನಿನ ಕೆಲಸಕ್ಕೆ ಬರುತ್ತಾರೆ. ಅವರದು ದುರುದ್ದೇಶ ಅಂತ ನಾನು ಹೇಳುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೆ ಸಾಲದ ದುಡ್ಡು, ಅಷ್ಟೇ. ಪರೀಕ್ಷೆಗೆ ಒಂದು ಟೆಂಡರ್, ಆಮೇಲೆ ದುರಸ್ತಿಗೆ ಇನ್ನೊಂದು ಅಂತ ಎರಡಾಗಿ ಮಾಡಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಇನ್ನರ್ಧ ಉತ್ತರ ಬಾಡಿಗೆದಾರರದ್ದು. ಲ್ಯಾನ್ಸ್‌ಡೌನ್‌ಗೆ ಹತ್ತಿರದಲ್ಲೇ ಇರುವ ದೇವರಾಜ ಮಾರುಕಟ್ಟೆಯನ್ನು ನೋಡಿ. ನೂರಾರು ಅಂಗಡಿ. ಹೂವು, ಅರಿಶಿನ ಕುಂಕುಮ, ರಸಬಾಳೆ, ತರಕಾರಿ. ಅಲ್ಲಿ ದುರಸ್ತಿ ನಡೆಯುತ್ತಿದ್ದಾಗಲೇ 2016ರ ಆಗಸ್ಟ್ 28ರಂದು ಉತ್ತರದ ಬಾಗಿಲಿನ ಭಾಗ ಕುಸಿಯಿತು. ಕೆಲಸ ನಿಂತಿತು. ಆ ಮೇಲೆ ಎರಡೂ ಕಟ್ಟಡಗಳ ಭವಿಷ್ಯ ಒಂದಕ್ಕೊಂದು ಗಂಟು ಬಿತ್ತು. ದುರಸ್ತಿಗೆ ಜಾಗ ಬಿಡಿ ಅಂದರೆ ವ್ಯಾಪಾರಿ ಹೆದರುತ್ತಾರೆ. ಒಮ್ಮೆ ಬಿಟ್ಟರೆ ಮತ್ತೆ ಸಿಗುತ್ತದಾ? ಲ್ಯಾನ್ಸ್‌ಡೌನ್‌ನವರು ಬಿಟ್ಟು ಹೋದರು, ಏನಾಯಿತು ಅಂತ ಕಣ್ಣೆದುರೇ ಇದೆ. ಅವರ ಹೆದರಿಕೆಯನ್ನು ಸ್ವಾರ್ಥ ಅನ್ನುವುದು ತಪ್ಪು. ಯಾವ ಅಂಗಡಿ, ಎಷ್ಟು ಅಳತೆ, ಯಾವಾಗ ವಾಪಸ್ ಅಂತ ಕಾಗದದ ಮೇಲೆ ಬರೆದುಕೊಟ್ಟರೆ, ಮಾರುಕಟ್ಟೆಯನ್ನು ಭಾಗ ಭಾಗವಾಗಿ ತೆರವು ಮಾಡಿ ದುರಸ್ತಿ ಮಾಡಬಹುದು.

ಇದರ ಜೊತೆಗೆ ತಜ್ಞರ ಜಗಳ. ಒಂದು ಸಮಿತಿ ದುರ್ಬಲವಾಗಿದೆ, ಕೆಡವಿ ಅಂದಿತು. ಪಾರಂಪರಿಕ ಕಟ್ಟಡಗಳ ತಜ್ಞರು ಉಳಿಸಬಹುದು ಅಂದರು. ರಾಜವಂಶದ ಪ್ರಮೋದಾದೇವಿ ಒಡೆಯರ್ ಅವರೂ ಕೆಡವಬೇಡಿ ಎಂದರು. ಸರ್ಕಾರ ಕೆಡವಿ ಅದೇ ಶೈಲಿಯಲ್ಲಿ ಕಟ್ಟುವ ಕಡೆ ವಾಲಿತು. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಹೈಕೋರ್ಟ್ 2023ರಲ್ಲಿ ತಳ್ಳಿಹಾಕಿತು.

ಓದುವವರಿಗೆ ಸಹಜವಾಗಿ ಗೊಂದಲ. ಇಬ್ಬರೂ ಎಂಜಿನಿಯರ್‌ಗಳೇ, ಒಂದೇ ಗೋಡೆ, ಎರಡು ಉತ್ತರ ಹೇಗೆ? ಇಂಥ ಜಗಳ ನಾನು ಬೇರೆ ಕಡೆಗಳಲ್ಲೂ ನೋಡಿದ್ದೇನೆ. ಹೆಚ್ಚಿನ ಸಲ ಗಂಟು ಇರುವುದು ಅಳೆಯುವ ರೀತಿಯಲ್ಲಿ. ನಮ್ಮ ಕಾಲೇಜುಗಳಲ್ಲಿ ಕಲಿಸುವುದು ಕಾಂಕ್ರೀಟ್. ಕಾಂಕ್ರೀಟಿಗೆಂದು ಮಾಡಿದ, ಮೇಲೆ ಬಡಿದು ಗಟ್ಟಿತನ ಅಳೆಯುವ ಸುತ್ತಿಗೆ ಪರೀಕ್ಷೆಯನ್ನು ಸುಣ್ಣದ ಗೋಡೆಗೆ ಮಾಡಿದರೆ ಕಡಿಮೆ ಅಂಕವೇ ಬರುತ್ತದೆ. ಮೇಲೆ ಹೇಳಿದ ಲೆಕ್ಕದ ಪ್ರಕಾರ ಅಷ್ಟು ಅಂಕ ಆ ಗೋಡೆಗೆ ಬೇಕಾಗಿಯೂ ಇಲ್ಲ. ಕೇಳಬೇಕಾದದ್ದು "ಈ ಗಾರೆ ಎಷ್ಟು ಗಟ್ಟಿ" ಅಂತಲ್ಲ. "ಈ ಗೋಡೆಯ ಮೇಲೆ ಬೀಳುವ ಭಾರಕ್ಕೆ ಈ ಗಾರೆ ಸಾಕಾ" ಅಂತ. ಕಟ್ಟಡವನ್ನು ಇಡಿಯಾಗಿ ಒಂದೇ ಮಾತಿನಲ್ಲಿ ಪಾಸು, ಫೇಲು ಮಾಡುವುದೂ ಸರಿಯಲ್ಲ. ಒಂದೊಂದು ಅಂಕಣಕ್ಕೂ ಬೇರೆ ಬೇರೆ ಉತ್ತರ ಇರುತ್ತದೆ. ಕೆಲವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಮತ್ತೆ ಕಟ್ಟಲೇಬೇಕಾಗಬಹುದು. ಅದಕ್ಕೆ ನನ್ನ ವಿರೋಧ ಇಲ್ಲ. ಹತ್ತು ಅಂಕಣ ಗಟ್ಟಿ ಇದ್ದು ಎರಡು ಹೋಗಿದ್ದರೆ, ಹನ್ನೆರಡನ್ನೂ ಕೆಡವುವುದಕ್ಕೆ ವಿರೋಧ ಇದೆ.

ಕೆಡವಿ ಹಾಗೆಯೇ ಕಟ್ಟಿದರೆ ತಪ್ಪೇನು ಅಂತ ಕೇಳಿದ್ದೀರಿ. "ಹಾಗೆಯೇ" ಅನ್ನುವುದು ಆಗುವುದಿಲ್ಲ, ಅದೇ ತಪ್ಪು. ಹೊಸದಾಗಿ ಕಟ್ಟುವಾಗ ಭಾರ ಹೊರುವುದು ಕಾಂಕ್ರೀಟ್ ಕಂಬ. ಕಮಾನು ಮುಂದೆ ಅಂಟಿಸಿದ ಅಲಂಕಾರ. ನಡುವೆ ಇನ್ನೊಂದು ಅಂತಸ್ತು, ಕೆಳಗೆ ಪಾರ್ಕಿಂಗ್ ಬೇಕು ಅನ್ನಿಸುವುದೂ ಸಹಜ. ದೂರದಿಂದ ಫೋಟೋ ತೆಗೆದರೆ ಅದೇ ಕಟ್ಟಡ. ಒಳಗೆ ಹೋದರೆ ಎಲ್ಲ ಊರಿನಲ್ಲೂ ಇರುವ ಕಾಂಪ್ಲೆಕ್ಸ್. ಖರ್ಚಿನ ಮಾತಾಡುವಾಗಲೂ ಕೆಡವುವ ಖರ್ಚು, ಮಣ್ಣು ಸಾಗಿಸುವ ಖರ್ಚು, ಕಟ್ಟುವ ವರ್ಷಗಳ ಬಾಡಿಗೆ ನಷ್ಟ ಎಲ್ಲ ಸೇರಿಸಿ ಹೋಲಿಸಬೇಕು ಅಲ್ವಾ?

ಆಗದ ಮಾತು ಅನ್ನುವವರಿಗೆ ಚೆನ್ನೈಯ ಚೇಪಾಕ್ ಅರಮನೆಯ ಖಲ್ಸಾ ಮಹಲ್ ಉದಾಹರಣೆ. ಆರ್ಕಾಟ್ ನವಾಬರ ಕಾಲದ್ದು. ಲ್ಯಾನ್ಸ್‌ಡೌನ್ ಕುಸಿದ ವರ್ಷವೇ, 2012ರ ಜನವರಿಯಲ್ಲಿ, ಅದಕ್ಕೆ ಬೆಂಕಿ ಬಿತ್ತು. ಚಾವಣಿ ಕುಸಿಯಿತು. ಬೆಂಕಿ ಆರಿಸಲು ಹೋದ ಅಧಿಕಾರಿಯೊಬ್ಬರ ಪ್ರಾಣವೂ ಹೋಯಿತು. ಸುಟ್ಟು ನಿಂತ ಗೋಡೆಗಳನ್ನು ನೋಡಿದರೆ ಯಾರಿಗೂ ಆಸೆ ಹುಟ್ಟುತ್ತಿರಲಿಲ್ಲ. ಆದರೂ ಅದನ್ನು ಸುಣ್ಣದ ಗಾರೆಯಲ್ಲೇ ಮತ್ತೆ ಎತ್ತಿ ನಿಲ್ಲಿಸಿದರು. ಮಾಡಿದ್ದು ಹೊರಗಿನವರಲ್ಲ, ತಮಿಳುನಾಡಿನ ಲೋಕೋಪಯೋಗಿ ಇಲಾಖೆ. ಈಗ ಅಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ನಡೆಯುತ್ತದೆ. ಒಂದೇ ವರ್ಷ ಪೆಟ್ಟು ತಿಂದ ಎರಡು ಕಟ್ಟಡ. ಒಂದರಲ್ಲಿ ನ್ಯಾಯಾಧೀಶರು ಕೂತಿದ್ದಾರೆ, ಇನ್ನೊಂದರಲ್ಲಿ ಪಾರಿವಾಳ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ನಮ್ಮ ಬೆಂಗಳೂರಿನ ಅಠಾರ ಕಚೇರಿಯನ್ನೂ ನೆನೆಯಿರಿ. 1868ರ ಕಟ್ಟಡ. 1980ರ ದಶಕದಲ್ಲಿ ಅದನ್ನೂ ಕೆಡವುವ ಯೋಚನೆ ಇತ್ತು. ಜನ ಬಿಡಲಿಲ್ಲ. ಕೋರ್ಟಿನ ತನಕ ಹೋದರು. ಆ ಅರ್ಜಿ ಬಿದ್ದುಹೋಯಿತು, ಆದರೆ ಕಟ್ಟಡ ಬೀಳಲಿಲ್ಲ. ಇವತ್ತು ಅಲ್ಲೇ ಹೈಕೋರ್ಟ್ ನಡೆಯುತ್ತಿದೆ. ಅರ್ಜಿ ವಜಾ ಆಯಿತು ಅಂದ ಮಾತ್ರಕ್ಕೆ ಕಟ್ಟಡದ ಕಥೆ ಮುಗಿಯಿತು ಅಂತಲ್ಲ. ಕೆಡವಬಹುದು ಅನ್ನುವುದು ಬೇರೆ, ಕೆಡವಲೇಬೇಕು ಅನ್ನುವುದು ಬೇರೆ.

ಆದರೆ ಈ ದೊಡ್ಡ ಚರ್ಚೆ ಮುಗಿಯುವ ತನಕ ಮಳೆ ಕಾಯುವುದಿಲ್ಲ. ನಾನು ಕೇಳುವುದು ಸಣ್ಣ ವಿಷಯ. ಉಳಿಸುವವರೂ ಕೆಡವುವವರೂ ಒಪ್ಪಬಹುದಾದದ್ದು. ಬಯಲಾದ ಗೋಡೆಯ ನೆತ್ತಿಗೆ ಸುಣ್ಣದ ಗಾರೆಯ ಮುಚ್ಚಿಗೆ. ತಾರಸಿ ಇಲ್ಲದ ಕಡೆ ಕೊಳವೆ ಚೌಕಟ್ಟಿನ ಮೇಲೆ ತಗಡು. ಅದರ ಭಾರ ಗೋಡೆಯ ಮೇಲೆ ಬೀಳದೆ ನೆಲಕ್ಕೇ ಇಳಿಯಬೇಕು. ಅಪಾಯದ ಕಮಾನುಗಳ ಕೆಳಗೆ ಮರದ ಆಸರೆ. ಬುಡದಲ್ಲಿ ನೀರು ನಿಲ್ಲದ ಹಾಗೆ ಚರಂಡಿ. ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಯುವುದು. ಗಾಜು ಒಡೆದರೆ ಬಿರುಕು ಇನ್ನೂ ಓಡುತ್ತಿದೆ ಅಂತ, ಒಡೆಯದಿದ್ದರೆ ನಿಂತಿದೆ ಅಂತ. ಪಕ್ಕದಲ್ಲಿ ಓಡಾಡುವ ಜನರ ಸುರಕ್ಷತೆಗೂ ಇದು ಬೇಕು. ನಾಳೆ ಕೆಡವುವುದೇ ಖಚಿತವಾದರೂ ಈ ಖರ್ಚು ವ್ಯರ್ಥ ಅಲ್ಲ.

ನೀವೇನು ಮಾಡಬಹುದು? ಮಾಹಿತಿ ಹಕ್ಕಿನಲ್ಲಿ ಕೇಳಿ. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು. "ಕಟ್ಟಡ ಯಾಕೆ ಹೀಗಿದೆ" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ದಾಖಲೆ ಕೇಳಬೇಕು. ಮೊದಲ ಅರ್ಜಿಯಲ್ಲಿ ನಿಂತ ದುರಸ್ತಿಯ ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪ್ರತಿ ಕೇಳಿ. ಎಷ್ಟು ಬಿಚ್ಚಿದರು, ಎಷ್ಟು ಕಟ್ಟಿದರು ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ಎರಡನೆಯದರಲ್ಲಿ ಪರೀಕ್ಷಾ ವರದಿಗಳು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಈ ವರ್ಷದ ಮಳೆಗೆ ಮುಂಚೆ ಕಟ್ಟಡಕ್ಕೆ ಹೊದಿಕೆ, ಆಸರೆ ಹಾಕಲು ಹೊರಡಿಸಿದ ಆದೇಶದ ಪ್ರತಿ. ಉತ್ತರಕ್ಕೆ 30 ದಿನ ಅವಕಾಶ ಇರುತ್ತದೆ. ಮೈಸೂರಿನಲ್ಲಿ ಮೇ ತಿಂಗಳಲ್ಲೇ ಜೋರು ಮಳೆ ಬರುತ್ತದೆ. ಲೆಕ್ಕ ಹಾಕಿ, ಮಾರ್ಚ್ ಒಳಗೆ ಅರ್ಜಿ ಹಾಕಿ. ಊರಿಗೆ ಬಂದಾಗಲೆಲ್ಲ ರಸ್ತೆಯ ಅದೇ ಜಾಗದಲ್ಲಿ ನಿಂತು ಒಂದು ಫೋಟೋ ತೆಗೆದಿಡಿ, ದಿನಾಂಕದ ಜೊತೆ. ನಿಮ್ಮ ಕಾಲೇಜು ದಿನಗಳ ಹಳೆ ಫೋಟೋ ಏನಾದರೂ ಇದ್ದರೆ ಅದನ್ನೂ ಹುಡುಕಿ. ಬಾಗಿಲು ಚೌಕಟ್ಟು, ಮೆಟ್ಟಿಲ ಕಟಕಟೆ, ಮೋರಿಯ ಜಾಗ ಇವೆಲ್ಲ ಅಂಥ ಫೋಟೋಗಳಲ್ಲೇ ನಮಗೆ ಸಿಗುವುದು.